ಎಡಗಣ್ಣಿನ ಆಷಾಢ

ಕೊಟ್ಟೂರು
28-6-1998

ಇವರಿಗೆ,

ಅರ್ಚನಾ ಮಾಡುವ ನಮಸ್ಕಾರಗಳು. ಆಷಾಢ ಶುರುವಾಗಿ ವಾರ ಕೂಡ ಆಗಿಲ್ಲ, ಆಗಲೇ ಪತ್ರ ಹಿಡಿದು ಕೂತಳು ಎಂದು ನಗಬೇಡಿ. ನೀವೇ ಮೊದಲು ಬರೆಯುತ್ತೀರಿ ಎಂದು ಕಾದೆ. ನಿಮ್ಮೂರ ಬಸ್ಸಿನ ಕಂಡಕ್ಟರ್ ಹನುಮಣ್ಣ ದಿನಾ ಮಧ್ಯಾಹ್ನ ನಮ್ಮ ಖಾನಾವಳಿಯಲ್ಲೇ ಊಟ ಮಾಡುತ್ತಾನಲ್ಲ, ನಿನ್ನೆ ರೊಟ್ಟಿ ಮುರಿಯುತ್ತ ಎಲ್ಲರೆದುರು, "ಏನ್ರೀ ಅರ್ಚನಕ್ಕ, ಹರಪನಹಳ್ಳಿ ಕಡಿಂದ ಒಂದು ಚೀಟಿನೂ ಇಲ್ಲ. ಅಳಿಯಂದ್ರು ಮರತ್ರೇನು ಮತ್ತ?" ಎಂದು ಕೇಳಿದ. ಅಪ್ಪ ಗಲ್ಲಾದಲ್ಲಿ ಕೂತು ಕೇಳಿಸದವನಂತೆ ಕೆಮ್ಮಿದ. ನನಗೆ ಸಿಟ್ಟು ಬಂತು. ಅದಕ್ಕೇ ಈ ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ, ತಲುಪಿಸಲಿ.

ಫೋನ್ ಮಾಡೋಣವೆಂದರೆ ಎಸ್‌ಟಿಡಿ ಬೂತಿನ ಗಾಜಿನ ಹೊರಗೆ ನಾಲ್ಕು ಜನ ಕಿವಿ ಕೊಟ್ಟು ನಿಂತಿರುತ್ತಾರೆ. ಆ ಕಡೆ ಫೋನ್ ಎತ್ತುವವರು ಅತ್ತೆಯವರು. ಮಳೆ ಹೇಗಿದೆ, ರೊಟ್ಟಿ ಆಯಿತಾ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮೊದಲ ಆಷಾಢದಲ್ಲಿ ಸೊಸೆ ಅತ್ತೆಯ ಜೊತೆ ಇರಬಾರದು, ಅಳಿಯ ಮಾವನ ಹೊಸ್ತಿಲು ತುಳಿಯಬಾರದು ಎಂದು ಯಾರು ಕಟ್ಟಳೆ ಮಾಡಿದರೋ, ಅವರಿಗೆ ಮದುವೆಯಾಗಿತ್ತೋ ಇಲ್ಲವೋ.

ಇಲ್ಲಿ ನನ್ನ ಕೆಲಸ ಮದುವೆಗೆ ಮುಂಚೆ ಇದ್ದದ್ದೇ. ಗಾಳೆಮ್ಮ ರೊಟ್ಟಿ ಬಡಿಯುತ್ತಾಳೆ, ಮರುಳಪ್ಪ ಪಲ್ಯ ನೋಡಿಕೊಳ್ಳುತ್ತಾನೆ, ನಾನು ಮೆಂತ್ಯ, ಹಕ್ಕರಿಕೆ, ಮೂಲಂಗಿ ಸೋಸಿ ತಟ್ಟೆಯ ಬದಿಗೆ ಇಡುತ್ತೇನೆ. ಹಸಿ ಸೊಪ್ಪಿಲ್ಲದೆ ರೊಟ್ಟಿ ಇಳಿಯುವುದಿಲ್ಲ ಎನ್ನುವ ಗಿರಾಕಿಗಳೇ ನಮಗೆ ಹೆಚ್ಚು.

ಒಂದು ತಮಾಷೆ ಆಗಿದೆ. ನಾಲ್ಕು ದಿನದಿಂದ ಎಡಗಣ್ಣಿನ ಮುಂದೆ ಏನೋ ಹಾರಾಡಿದಂತೆ ಆಗುತ್ತದೆ. ಮೊನ್ನೆ ಬಡಿಸುವಾಗ ನೊಣ ಎಂದುಕೊಂಡು ಒಬ್ಬರ ತಟ್ಟೆಯ ಮೇಲೆ ಕೈ ಬೀಸಿಬಿಟ್ಟೆ. ಅವರು, "ಎಲ್ಲೈತವಾ ನೊಣ?" ಎಂದು ಪಲ್ಯದಲ್ಲಿ ಹುಡುಕಿದರು. ನೊಣ ಅಲ್ಲಿ ಇರಲಿಲ್ಲ. ಕಣ್ಣು ಮುಚ್ಚಿದರೂ ಒಂದು ದುಂಡನೆಯ ನೆರಳು ಇದ್ದೇ ಇರುತ್ತದೆ. ಅವ್ವ ದೃಷ್ಟಿ ತೆಗೆದಳು. ಅತ್ತೆಯವರಿಗೆ ಹೇಳಬೇಡಿ, ಸುಮ್ಮನೆ ಗಾಬರಿಯಾದಾರು.

ನಿಮ್ಮ
ಅರ್ಚನಾ


ಹರಪನಹಳ್ಳಿ
30-6-1998

ಪ್ರೀತಿಯ ಅರ್ಚನಾ,

ಹನುಮಣ್ಣ ಪತ್ರ ಕೊಡುವಾಗ ನಮ್ಮ ಮೋಟಾರು ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು. "ಪಂಪ್‌ಸೆಟ್ಟಿನ ಬಿಲ್ಲಲ್ರೀ ಇದು, ಬ್ಯಾರೆ ಐತಿ" ಎಂದು ಜೋರಾಗಿ ಹೇಳಿ ಹೋದ. ಈಗ ಪೇಟೆಯಲ್ಲಿ ಎಲ್ಲರೂ ಬಿಲ್ ಬಂತಾ ಎಂದು ಕೇಳುತ್ತಾರೆ.

ನೀನಿಲ್ಲದೆ ಮನೆ ಭಣಭಣ ಎನ್ನುತ್ತಿದೆ. ಊಟವಾದ ಮೇಲೆ ರೂಢಿಯಂತೆ ಎರಡು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಕೈ ಮುಂದೆ ಮಾಡುತ್ತೇನೆ. ಬಾಯಿ ತೆರೆಯುವವರು ಇಲ್ಲ. ಅವ್ವ ನೋಡಿ ನಕ್ಕಳು. ಅವಳು ನಗುವುದು ಎಷ್ಟು ಅಪರೂಪ ಎಂದು ನಿನಗೇ ಗೊತ್ತು.

ನಾಳೆ ಹೊಸಪೇಟೆಗೆ ಸಾಮಾನು ತರಲು ಹೋಗುತ್ತೇನೆ. ನಿನಗೆ ಏನು ತರಲಿ? ಕಣ್ಣಿನದು ಉಷ್ಣ ಇರಬೇಕು. ಒಲೆಯ ಮುಂದೆ ಕೂಡಬೇಡ, ಎಣ್ಣೆ ಹಚ್ಚಿ ಸ್ನಾನ ಮಾಡು. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸು. ಅಮಾವಾಸ್ಯೆ ಮುಗಿದ ಮರುದಿನ ನಾನೇ ಕರೆಯಲು ಬರುತ್ತೇನೆ.

ನಿನ್ನವ
ಅರುಣಕುಮಾರ್


ಕೊಟ್ಟೂರು
3-7-1998

ಇವರಿಗೆ ನಮಸ್ಕಾರಗಳು.

ಕೂತು ಓದಿ. ಅಂಗಡಿಯಲ್ಲಿ ಓದಬೇಡಿ.

ನಿನ್ನೆ ಅಪ್ಪ ನನ್ನನ್ನು ಕೂಡ್ಲಿಗಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ವಾರಕ್ಕೊಮ್ಮೆ ಕಣ್ಣಿನ ಡಾಕ್ಟರು ಬರುತ್ತಾರೆ. ಕಣ್ಣಿಗೆ ಹನಿ ಹಾಕಿ, ಕತ್ತಲೆಯ ಕೋಣೆಯಲ್ಲಿ ಕೂಡಿಸಿ, ಸಣ್ಣ ಬೆಳಕು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನನ್ನು ಕರೆದು ಅವನಿಗೂ ಇಣುಕಲು ಹೇಳಿದರು. ಅಪ್ಪ ಒಮ್ಮೆ ಇಣುಕಿ ಹಿಂದೆ ಸರಿದು ಗೋಡೆಗೆ ಒರಗಿದ.

ನನ್ನ ಕಣ್ಣಿನ ಒಳಗೆ ಹುಳ ಇದೆಯಂತೆ. ಮೇಲೆ ಅಲ್ಲ, ಗುಡ್ಡೆಯ ಒಳಗೆ, ನೀರಿನ ಗುಳ್ಳೆಯಂಥ ಒಂದು ಚೀಲದಲ್ಲಿ. ಬೆಳಕು ಬಿದ್ದ ಕೂಡಲೇ ತಲೆಯನ್ನು ಒಳಗೆ ಎಳೆದುಕೊಳ್ಳುತ್ತದಂತೆ. ಅದು ಜೀವಂತ ಇದೆ. ನಾನು ನೊಣ ಎಂದುಕೊಂಡು ಕೈ ಬೀಸುತ್ತಿದ್ದದ್ದು ಅದರ ನೆರಳಿಗೆ.

"ಇದು ನನ್ನ ಕೈಯಾಗಿನ ಕೆಲಸ ಅಲ್ಲ. ತಡ ಮಾಡದೆ ಹುಬ್ಬಳ್ಳಿ ದೊಡ್ಡ ಕಣ್ಣಿನ ದವಾಖಾನಿಗೆ ಹೋಗ್ರಿ. ತಗಿಸ್ಲಿಲ್ಲಂದ್ರ ಕಣ್ಣು ಉಳಿಯಂಗಿಲ್ಲ" ಎಂದರು ಡಾಕ್ಟರು. ಹೊರಗೆ ಉದ್ದನೆಯ ಪಾಳಿ ಇತ್ತು, ಹೆಚ್ಚು ಕೇಳಲು ಆಗಲಿಲ್ಲ. ಬಸ್ಸು ಊರಿಗೆ ಬಂದಾಗ ಅಪ್ಪ, "ನೀನು ಕೊಟ್ಟ ಮಗಳವ್ವಾ. ಕಣ್ಣು ಕೊಯ್ಸೋದಂದ್ರ ಅವರನ್ನ ಕೇಳದ ಹೆಂಗ ಮಾಡ್ಲಿ?" ಎಂದ.

ನನಗೆ ಹೆದರಿಕೆ ಆಗಿದೆ. ಹೀಗೆ ನೇರವಾಗಿ ಹೇಳುವುದು ನನಗೆ ರೂಢಿಯಿಲ್ಲ, ಆದರೂ ಹೇಳುತ್ತಿದ್ದೇನೆ. ಮಲಗಿದರೆ ಅದು ಒಳಗೆ ಹೊರಳಿದಂತೆ ಅನಿಸುತ್ತದೆ. ಅತ್ತೆಯವರಿಗೆ ಈಗ ಹೇಳಲೇಬೇಕು. ಹುಬ್ಬಳ್ಳಿಗೆ ಹೋಗುವುದಕ್ಕೆ ಹೂಂ ಎಂದು ಒಂದು ಸಾಲು ಬರೆಯಿರಿ. ಸಾಧ್ಯವಾದರೆ ನೀವೂ ಬನ್ನಿ. ಹುಬ್ಬಳ್ಳಿ ಯಾರ ತವರುಮನೆಯೂ ಅಲ್ಲ.

ಅರ್ಚನಾ


ಹರಪನಹಳ್ಳಿ
5-7-1998

ಪ್ರೀತಿಯ ಅರ್ಚನಾ,

ಧೈರ್ಯ ಕೆಡಿಸಿಕೊಳ್ಳಬೇಡ. ಹುಳ ಎಂದರೆ ಹುಳ, ಹುಲಿ ಅಲ್ಲ. ಮೆಡಿಕಲ್ ಶಾಪ್ ಇಟ್ಟಿರುವ ನನ್ನ ಸೋದರಮಾವನ ಮಗ ಗೊತ್ತಲ್ಲ, ಅವನನ್ನು ಕೇಳಿದೆ. ಹೊಟ್ಟೆಯಲ್ಲಿರಲಿ ಕಣ್ಣಲ್ಲಿರಲಿ, ಎಂಥ ಹುಳವಿದ್ದರೂ ಈ ಮಾತ್ರೆಗೆ ಸಾಯುತ್ತದೆ ಎಂದ. ಹನುಮಣ್ಣನ ಕೈಯಲ್ಲಿ ಕಳಿಸಿದ್ದೇನೆ. ಊಟವಾದ ಮೇಲೆ ದಿನಾ ತೆಗೆದುಕೋ, ಚೀಟಿಯಲ್ಲಿ ಬರೆದಿದ್ದಾನೆ. ಪೂರ್ತಿ ಮುಗಿಸು.

ಅವ್ವನಿಗೆ ಹೇಳಿದೆ. ಆಷಾಢದಲ್ಲಿ ಕತ್ತರಿ ಮುಟ್ಟಿಸುವುದು ಬೇಡ, ಅಮಾವಾಸ್ಯೆ ಕಳೆಯಲಿ ಎಂದಳು. ನನಗೂ ಅದೇ ಸರಿ ಅನಿಸುತ್ತದೆ. ಮಾತ್ರೆಯಲ್ಲಿ ಹೋಗುವುದಕ್ಕೆ ಕಣ್ಣು ಯಾಕೆ ಕೊಯ್ಯಿಸಿಕೊಳ್ಳಬೇಕು? ಮಾವನವರಿಗೂ ತಿಳಿಸಿ ಹೇಳು. ಹುಬ್ಬಳ್ಳಿ ಎಲ್ಲಿಗೂ ಓಡಿ ಹೋಗುವುದಿಲ್ಲ.

ನಿನ್ನವ
ಅರುಣಕುಮಾರ್


ಕೊಟ್ಟೂರು
9-7-1998

ಇವರಿಗೆ,

ನೀವು ಕಳಿಸಿದ ಮಾತ್ರೆಯನ್ನು ಅವ್ವ ದಿನಾ ಹಾಲಿನ ಜೊತೆ ಕೊಟ್ಟಳು. ಅಳಿಯಂದಿರು ಕಳಿಸಿದ್ದು ಎಂದು ದೇವರ ಜಗಲಿಯ ಮೇಲಿಟ್ಟು ಕೊಟ್ಟಳು. ನಿನ್ನೆಯಿಂದ ಕಣ್ಣು ಕೆಂಡದಂತೆ ಕೆಂಪಾಗಿದೆ. ತಲೆಯ ಎಡಭಾಗ ಸಿಡಿಯುತ್ತಿದೆ. ಬೆಳಿಗ್ಗೆ ಬಲಗಣ್ಣು ಮುಚ್ಚಿ ನೋಡಿದೆ, ಅವ್ವನ ಮುಖ ಕಾಣಲಿಲ್ಲ. ಹಣೆಯ ಕುಂಕುಮ ಎಲ್ಲಿರಬಹುದು ಎಂದು ಅಂದಾಜು ಮಾಡಿದೆ.

ಅಪ್ಪ ಇನ್ನು ಯಾರನ್ನೂ ಕೇಳುವುದಿಲ್ಲ ಎಂದಿದ್ದಾನೆ. ನಾಳೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೊರಟಿದ್ದೇವೆ. ಆ ಬಸ್ಸು ಹರಪನಹಳ್ಳಿಯ ಮೇಲೆಯೇ ಹೋಗುತ್ತದೆ, ನಿಮ್ಮ ಸ್ಟ್ಯಾಂಡಿನಲ್ಲಿ ಚಹಾಕ್ಕೆ ನಿಲ್ಲುತ್ತದೆ. ಬನ್ನಿ. ಜೊತೆಗೆ ಹತ್ತದಿದ್ದರೂ ಪರವಾಗಿಲ್ಲ, ಕಿಟಕಿಯ ಹತ್ತಿರ ಬಂದು ಒಂದು ಮಾತಾಡಿ ಹೋಗಿ. ಬಸ್‌ಸ್ಟ್ಯಾಂಡಿಗೆ ಆಷಾಢ ಹತ್ತುವುದಿಲ್ಲ.

ಹನುಮಣ್ಣ ಇವತ್ತಿನ ಕೊನೆಯ ಟ್ರಿಪ್ಪಿನಲ್ಲಿ ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾನೆ.

ಅರ್ಚನಾ


ಹುಬ್ಬಳ್ಳಿ
11-7-1998

ಇವರಿಗೆ,

ನಿಮ್ಮನ್ನು ನೋಡಿದೆ. ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತಿದ್ದಿರಿ, ಮದುವೆಯಲ್ಲಿ ಅಪ್ಪ ಕೊಟ್ಟ ನೀಲಿ ಅಂಗಿ ಹಾಕಿದ್ದಿರಿ. ಬಲಗಣ್ಣು ಚೆನ್ನಾಗಿಯೇ ಇದೆ, ದೂರದ್ದೂ ಕಾಣುತ್ತದೆ. ಬಸ್ಸು ಹೊರಡುವ ತನಕ ನಾನು ಕಿಟಕಿಯಿಂದ ಮುಖ ತೆಗೆಯಲಿಲ್ಲ. ನೀವು ಗಾಡಿ ಬಿಟ್ಟು ಈಚೆ ಬರಲಿಲ್ಲ. ಅಪ್ಪನೂ ನೋಡಿರಬೇಕು. ಅವನು ಇಳಿದು ಚಹಾ ಕುಡಿಯಲಿಲ್ಲ.

ಇಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಯಾರಾದ್ರೂ ಹುಳದ ಮಾತ್ರಿ ಕೊಟ್ರೇನು?" ಎಂದು. ನಮ್ಮ ಜೊತೆಗೆ ಬಂದಿದ್ದ ಅವ್ವ ಹೌದು ಎಂದಳು. ಅವರು ಹಣೆ ಹಿಡಿದುಕೊಂಡರು. ಹೊಟ್ಟೆಯ ಹುಳ ಸತ್ತರೆ ಹೊರಗೆ ಹೋಗುತ್ತದೆ, ಕಣ್ಣಿನ ಒಳಗೆ ಸತ್ತರೆ ಎಲ್ಲಿಗೆ ಹೋಗಬೇಕು ಎಂದರು. ಸಾಯುವಾಗ ಅದು ಬಿಡುವ ವಿಷಕ್ಕೆ ಕಣ್ಣೇ ಬೆಂದುಹೋಗುತ್ತದಂತೆ. ಈ ಹುಳವನ್ನು ಜೀವಂತ ಇರುವಾಗಲೇ ತೆಗೆಯಬೇಕು. ನನ್ನದು ಇನ್ನೂ ಅರೆಜೀವ ಇದೆ. ಸೋಮವಾರ ಆಪರೇಷನ್ ಎಂದರು.

ಸಹಿಗೆ ಕಾಗದ ತಂದರು. ಅಪ್ಪ ಪೆನ್ನು ಹಿಡಿದು ಕೂತ, ಹಾಕಲಿಲ್ಲ. "ನಾಳಿ ಏನರ ಹೆಚ್ಚುಕಮ್ಮಿ ಆದ್ರ ಬೀಗ್ತಿಗೆ ಏನಂತ ಮಾರಿ ತೋರಸ್ಲಿ?" ಎಂದು ಅಳತೊಡಗಿದ. ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಡಾಕ್ಟರಮ್ಮ ನನ್ನ ವಯಸ್ಸು ಕೇಳಿದರು. ಇಪ್ಪತ್ತೆರಡು ಎಂದೆ. ಹಾಗಾದರೆ ನಿನ್ನ ಕಣ್ಣಿಗೆ ನೀನೇ ಸಹಿ ಹಾಕು ಎಂದರು. ಹಾಕಿದೆ.

ಇನ್ನೊಂದು ವಿಷಯ. ಇದನ್ನು ಹೇಗೆ ಬರೆಯಲಿ ಎಂದು ಬಹಳ ಯೋಚಿಸಿದೆ, ಅವರು ಹೇಳಿದಂತೆಯೇ ಬರೆಯುತ್ತೇನೆ. ಇದು ಲಾಡಿಹುಳದ ಮರಿ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಆ ಹುಳ ಬೆಳೆಯುತ್ತದೆ, ಅಲ್ಲಿ ಸುಖವಾಗಿ ಇರುತ್ತದೆ, ತತ್ತಿ ಇಡುತ್ತದೆ. ಆ ಮನುಷ್ಯ ಸಂಡಾಸಕ್ಕೆ ಹೋಗಿ ಬಂದು ಕೈ ಸರಿಯಾಗಿ ತೊಳೆಯದಿದ್ದರೆ ತತ್ತಿ ಉಗುರಲ್ಲಿ ಉಳಿಯುತ್ತದೆ. ಆ ಕೈ ಮುಟ್ಟಿದ್ದನ್ನು ತಿಂದವರ ರಕ್ತಕ್ಕೆ ಮರಿ ಸೇರಿ ಮೆದುಳಿಗೋ ಕಣ್ಣಿಗೋ ಹೋಗಿ ಕೂಡುತ್ತದೆ. ಮಾಂಸ ತಿಂದವರಿಗೆ ಏನೂ ಆಗದಿರಬಹುದು, ಜನ್ಮದಲ್ಲಿ ಮುಟ್ಟದವರ ಕಣ್ಣು ಹೋಗಬಹುದು. ಕೊಳಚೆ ನೀರಿನಲ್ಲಿ ಬೆಳೆದ ಹಸಿ ಸೊಪ್ಪಿನಿಂದಲೂ ಬರುತ್ತದಂತೆ. ಅದನ್ನು ಕೇಳಿದಾಗಿನಿಂದ ಅಪ್ಪ ಊಟ ಬಿಟ್ಟಿದ್ದಾನೆ.

ಈ ನಾಲ್ಕಾರು ತಿಂಗಳಲ್ಲಿ ನಾನು ಯಾರ ಯಾರ ಕೈಯ ಅನ್ನ ಉಂಡಿದ್ದೇನೋ ಅವರೆಲ್ಲರ ಮಲ ಪರೀಕ್ಷೆ ಆಗಬೇಕು ಎಂದರು. ಇಲ್ಲದಿದ್ದರೆ ಬಲಗಣ್ಣಿಗೂ ಬರಬಹುದು, ಅದೇ ಮನೆಯ ಬೇರೆಯವರಿಗೂ ಬರಬಹುದು. ಖಾನಾವಳಿಯವರದೆಲ್ಲ ಅಪ್ಪ ಮಾಡಿಸುತ್ತಾನೆ. ನೀವು ಮತ್ತು ಅತ್ತೆಯವರು ದಾವಣಗೆರೆಯಲ್ಲಿ ಮಾಡಿಸಿ. ನಾಚಿಕೆಯ ಕೆಲಸ ಎಂದು ಗೊತ್ತು. ನನ್ನ ಸಲುವಾಗಿ ಮಾಡಿಸಿ.

ಅರ್ಚನಾ


ಹರಪನಹಳ್ಳಿ
14-7-1998

ಅರ್ಚನಾ,

ನಿನ್ನ ವಾರ್ಡಿನಲ್ಲಿ ಪಕ್ಕದ ಮಂಚದ ಮುದುಕಿ ನಮ್ಮೂರ ಸಿಮೆಂಟ್ ಅಂಗಡಿಯವರ ತಾಯಿ. ಡಾಕ್ಟರು ನಿನಗೆ ಹೇಳಿದ್ದು ನಿನ್ನ ಪತ್ರಕ್ಕಿಂತ ಮೊದಲೇ ಊರು ಮುಟ್ಟಿದೆ. ಅಷ್ಟೂ ಹೇಳಿದ್ದರೆ ಚೆನ್ನಾಗಿತ್ತು, ಹಂದಿಹುಳ ಎಂಬ ಒಂದೇ ಮಾತು ಬಂದಿದೆ. ಅಂಗಡಿಗೆ ಬಂದವರು ನನ್ನ ಮುಖ ನೋಡಿ ಮಾತು ನಿಲ್ಲಿಸುತ್ತಾರೆ. ನಾವು ಲಿಂಗ ಕಟ್ಟಿಕೊಂಡವರು. ಅವ್ವ ಎರಡು ದಿನದಿಂದ ಮಠಕ್ಕೆ ಹೋಗಿಲ್ಲ. "ಬಳ್ಳಾರಿ ಹಾಸ್ಟೆಲಿನ್ಯಾಗ ಇದ್ದಾಗ ಆ ಹುಡುಗಿ ಏನೇನು ತಿಂದಳೋ ಯಾರು ಕಂಡಾರ?" ಎಂದು ಕೇಳುತ್ತಾಳೆ. ಅವಳಿಗೆ ನಾನು ಏನು ಹೇಳಲಿ?

ಒಂದೇ ಸಲ ಕೇಳುತ್ತೇನೆ, ಮತ್ತೆ ಕೇಳುವುದಿಲ್ಲ. ಟೀಚರ್ ಟ್ರೈನಿಂಗಿನ ಎರಡು ವರ್ಷದಲ್ಲಿ ಗೆಳತಿಯರ ಜೊತೆ ಎಂದಾದರೂ ತಿಂದಿದ್ದೀಯಾ? ತಿಂದಿದ್ದರೆ ಹೇಳಿಬಿಡು. ಅಲ್ಲವೆಂದರೆ ನಿಮ್ಮ ಖಾನಾವಳಿಯದೇ ಇರಬೇಕು. ಅಲ್ಲಿ ನೂರು ಕೈ ಓಡಾಡುತ್ತವೆ. ನಮ್ಮ ಮನೆಯಲ್ಲಿ ಅಡುಗೆ ಮಾಡುವವಳು ಅವ್ವ ಒಬ್ಬಳೇ. ಅವಳಿಗೆ ಡಬ್ಬಿ ಕೊಟ್ಟು ಪರೀಕ್ಷೆಗೆ ಕಳಿಸುವಷ್ಟು ನಾನು ಗತಿಗೆಟ್ಟಿಲ್ಲ. ನಮ್ಮಲ್ಲಿ ಪರೀಕ್ಷೆಯ ಅಗತ್ಯವಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಹತ್ತಿರ ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಅವ್ವ ಬೇಡ ಎಂದಿದ್ದಳು.

ಅರುಣಕುಮಾರ್


ಕೊಟ್ಟೂರು
22-7-1998

ಇವರಿಗೆ,

ಹನುಮಣ್ಣ ನಿಮ್ಮ ಪತ್ರವನ್ನು ಗಾಳೆಮ್ಮನ ಕೈಯಲ್ಲಿ ಕೊಟ್ಟುಹೋಗಿದ್ದ. ಆಸ್ಪತ್ರೆಯಿಂದ ಬಂದ ದಿನವೇ ಓದಿದೆ. ಓದಬೇಡ, ಕಣ್ಣಿಗೆ ಆಯಾಸ ಎಂದು ಅವ್ವ ಹೇಳಿದಳು. ಆಯಾಸ ಕಣ್ಣಿಗೆ ಆಗಲಿಲ್ಲ.

ಆಪರೇಷನ್ ಆಯಿತು. ಹುಳ ತೆಗೆದರು. ಗಾಜಿನ ಬಟ್ಟಲಿನಲ್ಲಿ ಹಾಕಿ ತೋರಿಸಿದರು, ನಾನೇ ಕೇಳಿ ನೋಡಿದೆ. ಸಾಬೂದಾಣಿ ಕಾಳು ನೆನೆದರೆ ಹೇಗಿರುತ್ತದೋ ಹಾಗೆ, ನಡುವೆ ಒಂದು ಬಿಳಿ ಚುಕ್ಕೆ. ಇಷ್ಟೇ ಇಷ್ಟು ಜೀವ ನನ್ನ ಸಂಸಾರವನ್ನು ಈ ಗತಿಗೆ ತಂದಿತಲ್ಲ ಎಂದು ಅದರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಣ್ಣಿನಲ್ಲಿ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾಗದಂತೆ. ಮಾತ್ರೆ ನುಂಗದೆ ಬಂದಿದ್ದರೆ ಇನ್ನೂ ಹೆಚ್ಚು ಉಳಿಸುತ್ತಿದ್ದೆ ಎಂದರು ಡಾಕ್ಟರಮ್ಮ. ಮಾತ್ರೆ ಕಳಿಸಿದ್ದು ಯಾರು ಎಂದು ನಾನು ಅವರಿಗೆ ಹೇಳಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ತಿಂದಿಲ್ಲ. ಮೊಟ್ಟೆಯನ್ನೂ ತಿಂದಿಲ್ಲ. ತಿಂದಿದ್ದರೆ ತಿಂದಿದ್ದೇನೆ ಎಂದೇ ಬರೆಯುತ್ತಿದ್ದೆ. ಆಸ್ಪತ್ರೆಯ ಮಂಚದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದವಳಿಗೆ ಗಂಡ ಕೇಳುವ ಮೊದಲ ಮಾತು ಇದೇ ಇರಬೇಕಿತ್ತಾ ಎಂದು ಮಾತ್ರ ನನಗೆ ತಿಳಿಯದು.

ಅಪ್ಪ ಏನು ಮಾಡಿದ ಗೊತ್ತೇ? ಖಾನಾವಳಿಯ ಬಾಗಿಲು ಹಾಕಿದ. ಅಜ್ಜ ಸತ್ತ ದಿನವೂ ಹಾಕದ ಬಾಗಿಲು. ಮರುಳಪ್ಪ, ಗಾಳೆಮ್ಮ, ತಟ್ಟೆ ತೊಳೆಯುವವರು, ನೀರು ತರುವವರು, ಅವ್ವ, ತಾನು, ಎಲ್ಲರ ಡಬ್ಬಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ತಾನೇ ದಾವಣಗೆರೆಯ ಲ್ಯಾಬಿಗೆ ಹೋದ. ಬಸ್ಸಿನಲ್ಲಿ ಯಾರೋ, "ಏನ್ರೀ ಹಾಲಸ್ವಾಮಿಯವ್ರೇ, ಉಪ್ಪಿನಕಾಯಿ ಏನು?" ಎಂದು ಕೇಳಿದರಂತೆ. ಇವನು ಅಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದನಂತೆ. ಒಬ್ಬರಲ್ಲೂ ಹುಳ ಇಲ್ಲ. ಆದರೂ ಅಪ್ಪ ಈಗ ಹಸಿ ಸೊಪ್ಪು ಬಡಿಸುವುದನ್ನು ನಿಲ್ಲಿಸಿದ್ದಾನೆ. ಬಾಗಿಲು ತೆರೆದರೂ ಅರ್ಧ ಗಿರಾಕಿಗಳು ಬರುತ್ತಿಲ್ಲ. ಹಾಲಸ್ವಾಮಿಯ ಅಡುಗೆಮನೆಯಲ್ಲಿ ಏನೋ ಬೇಯಿಸುತ್ತಾರೆ ಎಂದು ಪೇಟೆಯಲ್ಲಿ ಮಾತಾಡುತ್ತಾರೆ.

ಉಳಿದದ್ದು ನಿಮ್ಮ ಮನೆ ಒಂದೇ. ಪರೀಕ್ಷೆ ಮಾಡಿಸಿ. ನಾಳೆ ಅಮಾವಾಸ್ಯೆ. ಕರೆಯಲು ಬರುವುದಾದರೆ ಆ ಕಾಗದ ತೆಗೆದುಕೊಂಡು ಬನ್ನಿ.

ಅರ್ಚನಾ


ಕೊಟ್ಟೂರು
1-8-1998

ಮಾತೃಸಮಾನರಾದ ಅತ್ತೆಯವರಿಗೆ,

ಅರ್ಚನಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ನಿಮಗೆ ಪತ್ರ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಕ್ಷಮಿಸಿ.

ನಾಗರಪಂಚಮಿ ಮುಗಿಯಿತು. ಹನುಮಣ್ಣ ದಿನಾ ಬರಿಗೈಯಲ್ಲಿ ಬಂದು ತಲೆ ತಗ್ಗಿಸಿ ಉಂಡು ಹೋಗುತ್ತಾನೆ. ನಾನು ಇವರಿಗೆ ಬರೆದ ಪತ್ರಗಳನ್ನು ನೀವು ಓದಿದ್ದೀರೋ ಇಲ್ಲವೋ ಗೊತ್ತಿಲ್ಲ. ಹುಬ್ಬಳ್ಳಿಯ ಡಾಕ್ಟರಮ್ಮ ನನ್ನ ಜೊತೆ ಉಂಡವರೆಲ್ಲರ ಪರೀಕ್ಷೆ ಆಗಬೇಕು ಎಂದಿದ್ದಾರೆ. ನಮ್ಮ ಖಾನಾವಳಿಯಲ್ಲಿ ಎಲ್ಲರದೂ ಆಯಿತು, ಯಾರಲ್ಲೂ ಇಲ್ಲ. ಇನ್ನು ಆಗಬೇಕಾದದ್ದು ನಿಮ್ಮಿಬ್ಬರದು.

ಇದು ನಿಮ್ಮ ಮೇಲೆ ಹೊರಿಸುವ ಮಾತಲ್ಲ. ಹುಳ ಯಾರ ಹೊಟ್ಟೆಯಲ್ಲಾದರೂ ಇದ್ದರೆ, ಅದೇ ಮನೆಯಲ್ಲಿ ಉಣ್ಣುವ ನಿಮ್ಮ ಕಣ್ಣಿಗೂ ತಲೆಗೂ ಅದು ಬರಬಹುದು. ನನ್ನ ಒಂದು ಕಣ್ಣು ಹೋದಂತೆಯೇ ಆಗಿದೆ. ನಿಮ್ಮದಾದರೂ ಉಳಿಯಲಿ ಎಂದು ಬರೆದೆ. ನನ್ನ ಬಗ್ಗೆ ನೀವು ಏನು ತಿಳಿದಿದ್ದೀರೋ ಅದನ್ನು ಆಮೇಲೆ ಮಾತಾಡೋಣ.

ನಿಮ್ಮ ಸೊಸೆ
ಅರ್ಚನಾ


ಹರಪನಹಳ್ಳಿ
9-8-1998

ಚಿ. ಸೌ. ಅರ್ಚನಾಗೆ ಪಕ್ಕೀರಮ್ಮ ಮಾಡೋ ಆಶೀರ್ವಾದ.

ನಾನು ನಾಕನೇ ಇಯತ್ತಿ ತನಕ ಸಾಲಿ ಓದಿದಾಕಿ. ಮಾತಾಡಿದಂಗ ಬರಿತೀನಿ, ತಿಳಕೊಂಡು ಓದು.

ನಿನ್ನ ಪತ್ರ ಬಂದಾಗ ಅವ ಅಂಗಡ್ಯಾಗ ಇದ್ದ. ಓದಿ ಮುಗಿಸಿ, ಅವ ಮನಿಗೆ ಬಂದ ಮ್ಯಾಲೆ, ಉಳಿದ ಪತ್ರ ಎಲ್ಲಿ ಅದಾವ ತಾ ಅಂದೆ. ಇಲ್ಲ ಅಂದ. ಟ್ರಂಕಿನ್ಯಾಗ ಅಂಗಿ ಕೆಳಗ ಇದ್ವು. ಎಲ್ಲಾ ಓದಿದೆ. ಬಸ್‌ಸ್ಟ್ಯಾಂಡಿಗೆ ಹೋಗಬ್ಯಾಡ ಅಂತ ನಾನು ಅಂದಿಲ್ಲವ್ವ. ನೀನು ಆ ಬಸ್ಸಿನ್ಯಾಗ ಬರ್ತಿ ಅನ್ನೋದನ್ನ ನನಗ ಹೇಳೇ ಇರಲಿಲ್ಲ. ಹೇಳಿದ್ರ ನಾನ ಬುತ್ತಿ ಕಟಗೊಂಡು ಬಂದು ನಿಂದರ್ತಿದ್ದೆ. ಪರೀಕ್ಷಿ ಮಾತು ಸೈತ ನನ್ನ ಕಿವಿಗೆ ಬಿದ್ದಿಲ್ಲ. ಆದ್ರ ಹಾಸ್ಟೆಲಿನ್ಯಾಗ ಏನು ತಿಂದಳೋ ಅಂತ ಅಂದಾಕಿ ನಾನ ಹೌದು. ಊರಾಗ ಹೆಸರು ಬಂತಲ್ಲ ಅಂತ ಸಿಟ್ಟಿಗೆ ಅಂದೆ. ಅಂದದ್ದು ಖರೆ, ಅದನ್ನ ಮುಚ್ಚಂಗಿಲ್ಲ.

ಮರುದಿನ ಅವನ್ನ ಎಬ್ಬಿಸಿಕೊಂಡು ದಾವಣಗೆರಿಗೆ ಹೋದೆ. ಎರಡು ಡಬ್ಬಿ ನನ್ನ ಚೀಲದಾಗ ಇದ್ವು. ಲ್ಯಾಬಿನ ಮೆಟ್ಟಲ ಮ್ಯಾಲೆ ನಿಂತು, ನನ್ನದು ಬ್ಯಾಡವ್ವ ಅಂದ. ಯಾಕ ಅಂದೆ. ಮಾರಿ ನೋಡಿದೆ. ತಾಯಿಗೆ ಮಾರಿ ಸಾಕವ್ವ. ಆದ್ರೂ ಕೊಡಿಸಿದೆ.

ನನ್ನದು ಏನೂ ಇಲ್ಲ ಅಂತ ಬಂತು. ಅವನ್ದು ಐತಿ ಅಂತ ಬಂತು.

ಹೊಸಪೇಟಿಗೆ ಸಾಮಾನು ತರಾಕ ಹೋದಾಗ ಗೆಳೆಯಾರ ಜೋಡಿ ಧಾಬಾದಾಗ ಅದನ್ನ ತಿಂತಾನಂತ. ಎರಡು ವರ್ಷಾತಂತ. ಸಂಡಾಸದಾಗ ಹುಳದ ಬಿಳೇ ತುಂಡು ಬೀಳೋದು ಅವಗ ಗೊತ್ತಿತ್ತಂತ. ಹೊಟ್ಟಿಯಾಗಿನ ಹುಳ, ಯಾರಿಗೆ ಇರಂಗಿಲ್ಲ ಅಂತ ಸುಮ್ಮನಿದ್ದನಂತ. ಅದೇ ಕೈಲೆ ದಿನಾ ನಿನಗ ಎಲಿ ಮಡಚಿ ಬಾಯಿಗೆ ಇಡ್ತಿದ್ದ. ನಾನು ನೋಡಿ ನಗ್ತಿದ್ದೆ, ಮಗ ಸೊಸಿ ಚೊಲೋ ಅದಾರ ಅಂತ.

ಈಗ ಔಷಧ ತಗೊಂಡಾನ. ನಿಮ್ಮಪ್ಪಗ ಎಲ್ಲಾ ತಾನ ಬರಿಬೇಕು ಅಂತ ಅವಗ ಹೇಳೀನಿ. ಬರಿತೀನಿ ಅಂದಾನ. ಮನಿಗೆ ಬಾ ಅನ್ನಾಕ ನನಗ ಬಾಯಿಲ್ಲ. ಬರಬ್ಯಾಡ ಅನ್ನಾಕ ಮನಸಿಲ್ಲ.

ಪಕ್ಕೀರಮ್ಮ


ಹರಪನಹಳ್ಳಿ
12-8-1998

ಪ್ರೀತಿಯ ಅರ್ಚನಾ,

ಹೇಗಿದ್ದೀ? ಕಣ್ಣು ವಾಸಿಯಾಗುತ್ತಿದೆ ಎಂದು ಹನುಮಣ್ಣ ಹೇಳಿದ. ಕೇಳಿ ಸಂತೋಷವಾಯಿತು. ಮಳೆ ಚೆನ್ನಾಗಿ ಬಂದು ಹಳ್ಳಗಳಲ್ಲಿ ನೀರು ಹರಿಯುತ್ತಿದೆ, ಹಾಗಾಗಿ ಮೋಟಾರು ಕೇಳುವವರು ಕಡಿಮೆ. ಪತ್ರ ಬರೆಯಲು ತಡವಾಯಿತು, ಅಂಗಡಿಯ ತಾಪತ್ರಯ.

ಆದದ್ದು ಆಗಿಹೋಯಿತು. ಯಾರದು ಸರಿ, ಯಾರದು ತಪ್ಪು ಎಂದು ಕೆದಕುತ್ತ ಕೂತರೆ ಸಂಸಾರ ನಡೆಯುವುದಿಲ್ಲ. ಹಿಂದಿನದೆಲ್ಲ ಮರೆತುಬಿಡೋಣ. ಶ್ರಾವಣ ಮುಗಿಯುವುದರೊಳಗೆ ಹೊರಟು ಬಾ. ಮಾವನವರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನವ
ಅರುಣಕುಮಾರ್


ಕೊಟ್ಟೂರು
16-8-1998

ಅರುಣಕುಮಾರ್ ಅವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಎಲ್ಲಾದರೂ ಬಿಟ್ಟುಹೋಯಿತೇನೋ ಎಂದು. ಮಳೆ ಇದೆ, ಮೋಟಾರು ಇದೆ. ಅತ್ತೆಯವರು ನನಗೆ ಎಲ್ಲವನ್ನೂ ಬರೆದಿದ್ದಾರೆ ಎಂಬುದು ನಿಮಗೆ ಗೊತ್ತಿಲ್ಲ ಅನಿಸುತ್ತದೆ. ಈಗ ಗೊತ್ತಾಗಲಿ.

ಹತ್ತು ದಿನದ ಹಿಂದೆ ಹುಬ್ಬಳ್ಳಿಗೆ ಹೋಗಿ ಬಂದೆ. ಎಡಗಣ್ಣಿಗೆ ಕಿಟಕಿ ಯಾವ ಕಡೆ ಇದೆ ಎಂಬುದು ಗೊತ್ತಾಗುತ್ತದೆ, ಯಾರಾದರೂ ಕೈ ಆಡಿಸಿದರೆ ಗೊತ್ತಾಗುತ್ತದೆ. ಇದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅಪ್ಪ ಹೊರಗೆ ಕೂತಿದ್ದ. ವಾಸಿಯಾಗುತ್ತಿದೆ ಎಂದು ನಾನೇ ಅವನಿಗೆ ಸುಳ್ಳು ಹೇಳಿದೆ. ಹನುಮಣ್ಣ ನಿಮಗೆ ಹೇಳಿದ್ದು ಅಪ್ಪನಿಂದ ಕೇಳಿದ್ದನ್ನು.

ನೀವು ತಿಂದದ್ದಕ್ಕೆ ನನಗೆ ಸಿಟ್ಟಿಲ್ಲ. ತಿನ್ನುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರೆಲ್ಲ ಕೆಟ್ಟವರಲ್ಲ. ಮಾತ್ರೆ ಕಳಿಸಿದ್ದಕ್ಕೂ ಸಿಟ್ಟಿಲ್ಲ, ಒಳ್ಳೆಯದಾಗಲೆಂದೇ ಕಳಿಸಿದಿರಿ. ಆದರೆ ನಿಮ್ಮ ಹೊಟ್ಟೆಯಲ್ಲಿ ಏನಿದೆ ಎಂದು ಗೊತ್ತಿದ್ದೂ, ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ, ನೀನು ತಿಂದಿದ್ದೀಯಾ ಎಂದು ನನ್ನನ್ನು ಕೇಳಿದಿರಿ. ಅಪ್ಪನ ಖಾನಾವಳಿಯ ನೂರು ಕೈಗಳ ಕಡೆ ಬೊಟ್ಟು ಮಾಡಿದಿರಿ. ಅದನ್ನು ಮರೆತುಬಿಡಲು ನನಗೆ ಆಗುವುದಿಲ್ಲ.

ಅತ್ತೆಯವರ ಪತ್ರವನ್ನು ನಾನು ಅಪ್ಪನಿಗೆ ತೋರಿಸಿಲ್ಲ. ಅವನು ಇನ್ನೂ ತನ್ನ ಸೊಪ್ಪಿನಿಂದಲೇ ನನ್ನ ಕಣ್ಣು ಹೋಯಿತು ಎಂದು ತಿಳಿದಿದ್ದಾನೆ. ಬೆಳಿಗ್ಗೆ ಎದ್ದು ಒಂದೊಂದೇ ಬದನೆಕಾಯಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆಯುತ್ತಾನೆ. ಸಾಕಪ್ಪಾ ಎಂದರೆ ನಿಲ್ಲಿಸುವುದಿಲ್ಲ. ಗಿರಾಕಿಗಳು ಇಲ್ಲದ ಹೊತ್ತಿನಲ್ಲೂ ತೊಳೆಯುತ್ತ ಕೂತಿರುತ್ತಾನೆ. ಅವನಿಗೆ ಹೇಳಬೇಕಾದವಳು ನಾನಲ್ಲ, ಅತ್ತೆಯವರೂ ಅಲ್ಲ.

ನೀವು ಬನ್ನಿ. ಮಧ್ಯಾಹ್ನದ ಊಟದ ಹೊತ್ತಿಗೆ, ಹನುಮಣ್ಣ ಮತ್ತು ಉಳಿದವರೆಲ್ಲ ಇರುವಾಗಲೇ ಬನ್ನಿ. ಅಪ್ಪನ ಎದುರು ನಿಂತು ಎಲ್ಲರಿಗೂ ಕೇಳುವಂತೆ ಹೇಳಿ. ಆಮೇಲೆ ನಾನು ನಿಮ್ಮ ಜೊತೆ ಹೊರಡುತ್ತೇನೋ ಇಲ್ಲವೋ, ನನಗೇ ಗೊತ್ತಿಲ್ಲ. ಅಪ್ಪನ ಸ್ವಭಾವ ನಿಮಗೆ ಗೊತ್ತು, ಏನೇ ಕೇಳಿದರೂ ಮನೆಗೆ ಬಂದ ಅಳಿಯನನ್ನು ಉಪವಾಸ ಕಳಿಸುವುದಿಲ್ಲ. ತಟ್ಟೆ ಹಾಕುತ್ತಾನೆ. ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಕೈ ತೊಳೆದುಕೊಂಡು ಊಟಕ್ಕೆ ಕೂಡಿ.

ಅರ್ಚನಾ ಹಾಲಸ್ವಾಮಿ